48/2 ಹೋಗಿ 48/12 ಆದದ್ದು: ವಕೀಲರ ಕಚೇರಿಯೊಂದರ ಸ್ಕ್ಯಾನರ್ ಪ್ರಕರಣ

ಫೋನ್ ಮಾಡಿದವರು ಗುಮಾಸ್ತರು. "ಏನಪ್ಪಾ, ನಮ್ಮ ಸ್ಕ್ಯಾನರ್ ಕೈ ಕೊಟ್ಟಿದೆ. ಹೊಸದು ತಗೊಳ್ಳೋದೇ ವಾಸಿ ಅಂತ ಒಬ್ಬರು ನೋಡಿ ಹೇಳಿ ಹೋದ್ರು. ನೀನೊಂದ್ಸಲ ಬಂದು ನೋಡ್ತೀಯಾ?"

ನಮ್ಮದು ತಾಲೂಕು ಕೇಂದ್ರ. ಕೋರ್ಟ್ ಹಿಂದಿನ ರಸ್ತೆಯಲ್ಲಿ ಈ ವಕೀಲರ ಕಚೇರಿ. ವಕೀಲರು ಮೇಡಂ ಒಬ್ಬರು. ಗುಮಾಸ್ತರು ಅವರ ತಂದೆಯ ಕಾಲದಿಂದಲೂ ಅಲ್ಲೇ ಇದ್ದಾರೆ. ನಾನು ಕಂಪ್ಯೂಟರ್, ಪ್ರಿಂಟರ್ ರಿಪೇರಿ ಮಾಡಿಕೊಂಡಿರುವವನು. ಯಂತ್ರ ನಾಲ್ಕು ವರ್ಷ ಹಳೆಯದು: ಪ್ರಿಂಟ್, ಜೆರಾಕ್ಸ್, ಸ್ಕ್ಯಾನ್ ಮೂರೂ ಒಂದರಲ್ಲೇ. ಮೇಲೆ ಹಾಳೆ ತಾನೇ ಎಳೆದುಕೊಳ್ಳುವ ಫೀಡರ್, ಒಳಗೆ ವೈ-ಫೈ.

ದೂರುಗಳ ಪಟ್ಟಿಯನ್ನು ಗುಮಾಸ್ತರು ಒಂದೇ ಉಸಿರಿನಲ್ಲಿ ಒಪ್ಪಿಸಿದರು. ಪ್ರತಿ ಹಾಳೆಯಲ್ಲೂ ಮೇಲಿಂದ ಕೆಳಗೆ ಗೆರೆ ಬರುತ್ತಿದೆ. ಕೆಲವು ಸಲ ಎರಡೆರಡು ಹಾಳೆ ಒಟ್ಟಿಗೆ ನುಗ್ಗುತ್ತವೆ. ಮೊನ್ನೆ ಕರೆಂಟ್ ಹೋಗಿ ಬಂದ ಮೇಲೆ ಕಂಪ್ಯೂಟರ್ ಸ್ಕ್ಯಾನರೇ ಇಲ್ಲ ಅನ್ನುತ್ತಿದೆ, ಹಾಗಾಗಿ ಪೆನ್ ಡ್ರೈವ್ ಚುಚ್ಚಿ ಕೆಲಸ ಸಾಗಿಸುತ್ತಿದ್ದಾರೆ. ಪ್ರಿಂಟ್ ಮಾತ್ರ ಚೆನ್ನಾಗಿ ಬರುತ್ತಿದೆ. ಫೈಲ್ ಜಾಸ್ತಿ ದೊಡ್ಡದಾಗಿ ಅಪ್‌ಲೋಡ್ ಆಗುವುದಿಲ್ಲ.

ನನಗಿಂತ ಮುಂಚೆ ಬಂದವರು ಡ್ರೈವರ್, ಅಂದರೆ ಯಂತ್ರದ ಜೊತೆ ಮಾತಾಡಲು ಕಂಪ್ಯೂಟರ್‌ಗೆ ಬೇಕಾದ ಸಾಫ್ಟ್‌ವೇರ್, ತೆಗೆದು ಮತ್ತೆ ಹಾಕಿದ್ದರು. ಒಂದು ಸಲ ಅಲ್ಲ, ಮೂರು ಸಲ. ಕಂಪ್ಯೂಟರ್‌ನಲ್ಲಿ ಒಂದೇ ಯಂತ್ರದ ಹೆಸರು ಮೂರು ಕಡೆ ಕೂತಿತ್ತು. ಅಷ್ಟಾದರೂ ಗೆರೆ ಹೋಗಿರಲಿಲ್ಲ. ಅದಕ್ಕೇ "ಒಳಗಿನ ಸೆನ್ಸರ್ ಹೋಗಿದೆ, ಹೊಸ ಮಷಿನ್ ತಗೊಳ್ಳಿ" ಅಂದಿದ್ದರಂತೆ.

ಆದರೆ ಮೇಡಂಗೆ ತಲೆನೋವಾಗಿದ್ದು ಇದ್ಯಾವುದೂ ಅಲ್ಲ. ಅವರು ಒಂದು ಹಾಳೆಯನ್ನು ನನ್ನ ಮುಂದೆ ಇಟ್ಟರು. ಪಾಲು ವಿಭಾಗದ ದಾವೆಗೆ ಹಾಕಿದ್ದ ಹಳೆಯ ಕ್ರಯಪತ್ರದ ಸ್ಕ್ಯಾನ್ ಪ್ರತಿ. ಮೂಲದಲ್ಲಿ ಸರ್ವೆ ನಂಬರ್ 48/2. ಪ್ರತಿಯಲ್ಲಿ 48/12. ಎದುರು ಪಕ್ಷದ ವಕೀಲರು ಅದನ್ನೇ ಹಿಡಿದು ಪ್ರಶ್ನೆ ಮಾಡಿದ್ದರು.

ಕನ್ನಡಕ ಹಾಕಿಕೊಂಡು ನೋಡಿದೆ. ಆ '1' ಯಾರೂ ಬರೆದದ್ದಲ್ಲ, ಗೆರೆಯ ಒಂದು ತುಂಡು. ಅವರು ಸ್ಕ್ಯಾನ್ ಮಾಡುತ್ತಿದ್ದದ್ದು ಕಪ್ಪು-ಬಿಳುಪು ಮೋಡ್‌ನಲ್ಲಿ. ಆ ಮೋಡ್‌ನಲ್ಲಿ ಬೂದು ಬಣ್ಣ ಅನ್ನುವುದೇ ಇಲ್ಲ. ಒಂದು ಮಟ್ಟಕ್ಕಿಂತ ಕಪ್ಪಾಗಿದ್ದರೆ ಪೂರ್ತಿ ಕಪ್ಪು, ಇಲ್ಲದಿದ್ದರೆ ಪೂರ್ತಿ ಬಿಳಿ. ಗೆರೆ ತುಂಬಾ ತೆಳುವಾಗಿತ್ತು. ಕಾಗದ ಮಾಸಿದ್ದ ಕಡೆ ಅದು ಎದ್ದು ಬಂದಿತ್ತು, ಕಾಗದ ತಿಳಿಯಾಗಿದ್ದ ಕಡೆ ಮಾಯವಾಗಿತ್ತು. ಹೀಗೆ ತುಂಡು ತುಂಡಾದ ಗೆರೆಯ ಒಂದು ಚೂರು ಸರಿಯಾಗಿ '2'ರ ಪಕ್ಕ ಬಂದು ನಿಂತಿತ್ತು. ಉದ್ದಕ್ಕೂ ದಪ್ಪ ಗೆರೆ ಬಂದಿದ್ದರೆ ಯಾರಾದರೂ ಗೆರೆ ಅಂತಲೇ ಗುರುತಿಸುತ್ತಿದ್ದರು. ಇದು ಅಂಕಿಯ ವೇಷ ಹಾಕಿತ್ತು.

ಗೆರೆಯ ಮೂಲ

ಕಂಪ್ಯೂಟರ್ ಮುಟ್ಟಲೇ ಇಲ್ಲ. ಖಾಲಿ ಬಿಳಿ ಹಾಳೆಯೊಂದನ್ನು ಫೀಡರ್‌ಗೆ ಹಾಕಿ, ಯಂತ್ರದ ಮೇಲಿನ ಗುಂಡಿ ಒತ್ತಿ ಜೆರಾಕ್ಸ್ ತೆಗೆದೆ. ಗೆರೆ ಬಂತು. ಜೆರಾಕ್ಸ್‌ಗೂ ಕಂಪ್ಯೂಟರ್‌ಗೂ ಸಂಬಂಧವೇ ಇಲ್ಲ, ಅಲ್ವಾ? ಡ್ರೈವರ್ ನೂರು ಸಲ ಹಾಕಿದರೂ ಈ ಗೆರೆ ಹೋಗುವ ಜಾತಿಯದ್ದಲ್ಲ ಅನ್ನುವುದು ಅರ್ಧ ನಿಮಿಷದಲ್ಲಿ ಗೊತ್ತಾಯಿತು.

ಆಮೇಲೆ ಅದೇ ಬಿಳಿ ಹಾಳೆಯನ್ನು ಮುಚ್ಚಳ ಎತ್ತಿ ದೊಡ್ಡ ಗಾಜಿನ ಮೇಲೆ ಮಲಗಿಸಿ ಇನ್ನೊಂದು ಜೆರಾಕ್ಸ್ ತೆಗೆದೆ. ಗೆರೆ ಇಲ್ಲ. ಅಲ್ಲಿಗೆ ಸೆನ್ಸರ್ ಹೋಗಿದೆ ಅನ್ನುವ ಮಾತೂ ಬಿದ್ದುಹೋಯಿತು. ಈ ಥರದ ಯಂತ್ರದಲ್ಲಿ ಎರಡೂ ದಾರಿಗೆ ಇರುವುದು ಒಂದೇ ಸೆನ್ಸರ್. ಅದು ಕೆಟ್ಟಿದ್ದರೆ ಎರಡು ಕಡೆಯೂ ಗೆರೆ ಬರಬೇಕಿತ್ತು.

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ. ದೊಡ್ಡ ಗಾಜಿನ ಮೇಲೆ ಹಾಳೆ ಇಟ್ಟಾಗ ಹಾಳೆ ಸುಮ್ನೆ ಮಲಗಿರುತ್ತದೆ, ಕೆಳಗೆ ಸೆನ್ಸರ್ ಓಡುತ್ತದೆ. ಗಾಜಿನ ಮೇಲೆ ಒಂದು ಧೂಳಿನ ಕಣ ಇದ್ದರೆ ಸೆನ್ಸರ್ ಅದನ್ನು ಒಂದು ಸಲ ಮಾತ್ರ ದಾಟುತ್ತದೆ, ಪ್ರತಿಯಲ್ಲಿ ಒಂದು ಚುಕ್ಕಿ ಬೀಳುತ್ತದೆ. ಫೀಡರ್‌ನಲ್ಲಿ ಇದೆಲ್ಲ ತಿರುಗುಮುರುಗು. ಸೆನ್ಸರ್ ಎಡಗಡೆ ಮೂಲೆಗೆ ಬಂದು ನಿಂತುಬಿಡುತ್ತದೆ, ಹಾಳೆ ಅದರ ಮೇಲೆ ಓಡುತ್ತದೆ. ಕಣ ಅಲ್ಲಾಡದೆ ಕೂತಿದ್ದರೆ ಹಾಳೆಯ ಪ್ರತಿ ಸಾಲಿನಲ್ಲೂ ಅದು ಕಾಣುತ್ತದೆ. 300 ಡಿಪಿಐಗೆ, ಅಂದರೆ ಇಂಚಿಗೆ 300 ಚುಕ್ಕಿಯಂತೆ ಓದಿದರೆ, ಒಂದು ಚುಕ್ಕಿಯ ಅಗಲ ಸುಮಾರು 0.085 ಮಿಲಿಮೀಟರ್. ಅಂದರೆ ಕೂದಲೆಳೆಯಷ್ಟು ದಪ್ಪದ ಕಸ ಸಾಕು, 29.7 ಸೆಂಟಿಮೀಟರ್ ಉದ್ದದ ಎ4 ಹಾಳೆಗೆ ತುದಿಯಿಂದ ತುದಿಗೆ ಗೆರೆ ಎಳೆಯಲು.

"ನಾನು ದಿನಾ ಬೆಳಗ್ಗೆ ಗಾಜು ಒರೆಸ್ತೀನಪ್ಪಾ" ಅಂದರು ಗುಮಾಸ್ತರು, ಸ್ವಲ್ಪ ಬೇಜಾರಿನಲ್ಲೇ. ಹೌದು, ದೊಡ್ಡ ಗಾಜು ಕನ್ನಡಿ ಥರ ಹೊಳೆಯುತ್ತಿತ್ತು. ಆದರೆ ಫೀಡರ್ ಬಳಸುವ ಗಾಜು ಅದಲ್ಲ. ಅದರ ಎಡಕ್ಕೆ ಎರಡು ಬೆರಳಿಗಿಂತ ಕಡಿಮೆ ಅಗಲದ ಇನ್ನೊಂದು ಗಾಜಿನ ಪಟ್ಟಿ ಇದೆ. ನಾಲ್ಕು ವರ್ಷದಲ್ಲಿ ಅದಕ್ಕೆ ಒಂದು ಸಲವೂ ಬಟ್ಟೆ ತಾಗಿರಲಿಲ್ಲ. "ಅದು ಗಾಜು ಅಂತಾನೇ ಗೊತ್ತಿರ್ಲಿಲ್ಲ" ಅಂದರು.

ಪಟ್ಟಿ ಒರೆಸಿದೆ, ಗೆರೆ ಹೋಗಲಿಲ್ಲ. ಟಾರ್ಚ್ ಬಿಟ್ಟು ನೋಡಿದರೂ ಏನೂ ಕಾಣಲಿಲ್ಲ. ಇಂಥ ಕಡೆ ನಾನು ಕಣ್ಣನ್ನು ನಂಬುವುದಿಲ್ಲ, ಸ್ಕೇಲ್ ನಂಬುತ್ತೇನೆ. ಬಿಳಿ ಹಾಳೆಯ ಗೋಡೆ ಕಡೆಯ ಅಂಚಿಗೆ, ಅಕ್ಷರ ಇರಬೇಕಾದ ಮಗ್ಗುಲಲ್ಲೇ, ಉದ್ದಕ್ಕೂ ಪೆನ್ಸಿಲ್‌ನಲ್ಲಿ ಅಲ್ಲಲ್ಲಿ ಗೀಚಿ ಫೀಡರ್‌ಗೆ ಹಾಕಿದೆ. ಪ್ರತಿ ಬಂದ ಮೇಲೆ ಆ ಅಂಚಿನಿಂದ ಗೆರೆಗೆ ಎಷ್ಟು ದೂರ ಅಂತ ಅಳೆದೆ: 6.2 ಸೆಂಟಿಮೀಟರ್. ಫೀಡರ್‌ನಲ್ಲಿ ಹಾಳೆಯ ಅಂಚು ಹಾದುಹೋಗುವ ಜಾಗದಿಂದ ಅಷ್ಟೇ ದೂರ ಪಟ್ಟಿಯ ಮೇಲೆ ಅಳೆದು, ಅಲ್ಲಿ ಉಗುರು ಆಡಿಸಿದೆ. ಸಿಕ್ಕಿತು. ಸಾಸಿವೆಯ ಹತ್ತನೇ ಒಂದು ಭಾಗವೂ ಇಲ್ಲದ ಒಂದು ಗಟ್ಟಿ ಗುಳ್ಳೆ. ಕಣ್ಣಿಗೆ ಕಾಣದ್ದು ಉಗುರಿಗೆ ಕಲ್ಲಿನಂತೆ ತಾಗಿತು.

ಹತ್ತಿಬಟ್ಟೆಯ ತುದಿಗೆ ಐಪಿಎ ಹಾಕಿಕೊಂಡು ಆ ಜಾಗದ ಮೇಲೆ ಅರ್ಧ ನಿಮಿಷ ಒತ್ತಿ ಹಿಡಿದೆ. ಐಪಿಎ ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್, ಮೊಬೈಲ್ ರಿಪೇರಿಯವರ ಹತ್ತಿರ ಇದ್ದೇ ಇರುತ್ತದೆ. ಆಮೇಲೆ ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಮೆಲ್ಲಗೆ ತಳ್ಳಿದೆ. ಗುಳ್ಳೆ ಕಿತ್ತು ಬಂತು. ಬೆಳ್ಳಗಿತ್ತು. ವೈಟ್ನರ್! ಯಾವುದೋ ಅರ್ಜಿಗೆ ಹಚ್ಚಿದ ವೈಟ್ನರ್ ಒಣಗುವ ಮುಂಚೆ ಯಾರೋ ಹಾಳೆಯನ್ನು ಫೀಡರ್‌ಗೆ ಬಿಟ್ಟಿದ್ದಾರೆ. ಬಿಳಿ ವಸ್ತು ಕಪ್ಪು ಗೆರೆ ಎಳೆಯುತ್ತದಾ ಅಂತ ಗುಮಾಸ್ತರು ಕೇಳಿದರು. ಗಾಜಿನ ಮೇಲಿನ ಅಡ್ಡಿ ಯಾವ ಬಣ್ಣದ್ದಾದರೂ ಬೆಳಕನ್ನು ಸರಿಯಾಗಿ ಹಾಯಲು ಬಿಡುವುದಿಲ್ಲ, ನೆರಳು ಬೀಳುತ್ತದೆ. ಅಷ್ಟೇ.

ಬ್ಲೇಡ್ ಮಾತ್ರ ಹಾಕಬೇಡಿ. ಗಾಜಿನ ಮೇಲೆ ಗೀರು ಬಿದ್ದರೆ ಆ ಗೆರೆ ಯಾವ ಬಟ್ಟೆಗೂ ಹೋಗುವುದಿಲ್ಲ.

ಕಾಣದೆ ಹೋದ ಎರಡು ಹಾಳೆ

ಗೆರೆ ಹೋಯಿತು ಅಂತ ಎಲ್ಲರಿಗೂ ಖುಷಿಯಾಯಿತು. ನನಗೆ ಮಾತ್ರ ಎರಡನೇ ದೂರೇ ಹೆಚ್ಚು ಭಯದ್ದು ಅನ್ನಿಸಿತ್ತು. ಗೆರೆ ಬಂದರೆ ಕಣ್ಣಿಗೆ ಬೀಳುತ್ತದೆ. ಎರಡು ಹಾಳೆ ಅಂಟಿಕೊಂಡು ಹೋದರೆ ಒಂದು ಪುಟ ಸದ್ದಿಲ್ಲದೆ ಕಾಣೆಯಾಗುತ್ತದೆ. ಆ ವಾರ ಸ್ಕ್ಯಾನ್ ಮಾಡಿದ್ದ ಒಂದು ಕಟ್ಟನ್ನು ತರಿಸಿ ಎಣಿಸಿದೆ. ಒಂದೇ ಮಗ್ಗುಲಿನ 37 ಹಾಳೆ. ಪಿಡಿಎಫ್‌ನಲ್ಲಿ 35 ಪುಟ. ಮೇಡಂ ಮುಖ ಬಿಳುಚಿತು. ಅದೃಷ್ಟಕ್ಕೆ ಅದಿನ್ನೂ ಕೋರ್ಟ್‌ನಲ್ಲಿ ಫೈಲ್ ಆಗಿರಲಿಲ್ಲ.

ಫೀಡರ್‌ನ ಮುಚ್ಚಳ ಬಿಚ್ಚಿದೆ. ಹಾಳೆ ಎಳೆಯುವ ರಬ್ಬರ್ ರೋಲರ್ ಮೇಲೆ ಕಾಗದದ ಪುಡಿ ಹಿಟ್ಟಿನ ಹಾಗೆ ಕೂತಿತ್ತು. ಅದರ ಎದುರಿಗೆ ಸೆಪರೇಷನ್ ಪ್ಯಾಡ್ ಅಂತ ಒಂದು ಸಣ್ಣ ರಬ್ಬರ್ ತುಂಡು ಇರುತ್ತದೆ. ರೋಲರ್ ಹಾಳೆಯನ್ನು ಮುಂದಕ್ಕೆ ತಳ್ಳುತ್ತದೆ, ಪ್ಯಾಡ್ ಅದರ ಜೊತೆಗಾರನನ್ನು ತಡೆದು ನಿಲ್ಲಿಸುತ್ತದೆ. ಈ ಪ್ಯಾಡ್ ಮೇಲೆ ಬೆರಳಾಡಿಸಿದೆ. ಹೊಸದಾದರೆ ಬೆರಳು ಕಚ್ಚಬೇಕು. ಇದು ಬಳಪದ ಹಲಗೆಯಂತೆ ನುಣ್ಣಗಾಗಿತ್ತು.

ರೋಲರನ್ನು ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ, ಕೈಯಲ್ಲಿ ತಿರುಗಿಸುತ್ತಾ ಒರೆಸಿದೆ. ಬಟ್ಟೆ ಮೂರು ಸಲ ಕಪ್ಪಾಯಿತು. ಪ್ಯಾಡ್ ಬದಲಿಸಲೇಬೇಕಿತ್ತು. ಬೆಂಗಳೂರಿಗೆ ಹೇಳಿದೆ, ಐದು ದಿನಕ್ಕೆ ಕೊರಿಯರ್‌ನಲ್ಲಿ ಬಂತು. ನಾಲ್ಕುನೂರು ಚಿಲ್ಲರೆ ರೂಪಾಯಿಯ ಸಾಮಾನು.

ತಪ್ಪು ಪೂರ್ತಿ ಪ್ಯಾಡಿನದೂ ಅಲ್ಲ. ವಕೀಲರ ಕಚೇರಿಯ ಕಾಗದ ಅಂದರೆ ಕೇಳಬೇಕೆ? ದಪ್ಪ ಛಾಪಾ ಕಾಗದ, ಹಪ್ಪಳದಂತಾದ ಹಳೆಯ ಕ್ರಯಪತ್ರ, ದಾರ ಕಟ್ಟಿದ ತೂತು, ಪಿನ್ ಕಿತ್ತ ಜಾಗದಲ್ಲಿ ಎದ್ದು ನಿಂತ ಕಾಗದದ ಮುಳ್ಳು. ಆ ಮುಳ್ಳೇ ಪಕ್ಕದ ಹಾಳೆಯನ್ನು ಹಿಡಿದುಕೊಂಡು ಒಳಗೆ ಎಳೆಯುತ್ತದೆ. ಪಿನ್ ತೆಗೆದ ಮೇಲೆ ಮೂಲೆಯನ್ನು ಉಗುರಿನಿಂದ ಒಂದು ಸಲ ತೀಡಿ, ಕಟ್ಟನ್ನು ಇಸ್ಪೀಟ್ ಎಲೆಯ ಹಾಗೆ ಬಿಡಿಸಿ ಗಾಳಿ ಆಡಿಸಿ, ಆಮೇಲೆ ಫೀಡರ್‌ಗೆ ಇಡಿ ಅಂದೆ. ಹಳೆಯ ಪತ್ರಗಳಿಗೆ ಫೀಡರ್ ಬೇಡವೇ ಬೇಡ. ಮೂವತ್ತು ನಲವತ್ತು ವರ್ಷದ ಕಾಗದ ಒಳಗೆ ಹರಿದುಹೋದರೆ ಯಾವ ಸ್ಕ್ಯಾನರ್ ಹೊಸದಾಗಿ ತಂದು ಏನು ಪ್ರಯೋಜನ? ಅವನ್ನು ಒಂದೊಂದಾಗಿ ದೊಡ್ಡ ಗಾಜಿನ ಮೇಲೇ ಇಡಬೇಕು.

ದುಬಾರಿ ಯಂತ್ರಗಳಲ್ಲಿ ಎರಡು ಹಾಳೆ ಒಟ್ಟಿಗೆ ಹೋದರೆ ಶಬ್ದತರಂಗದಿಂದ ಪತ್ತೆ ಹಚ್ಚಿ ನಿಲ್ಲಿಸುವ ಏರ್ಪಾಡು ಇರುತ್ತದೆ. ಇದರಲ್ಲಿ ಇಲ್ಲ. ಇಲ್ಲಿ ಆ ಕೆಲಸ ಗುಮಾಸ್ತರದೇ: ಹಾಕುವ ಮುಂಚೆ ಹಾಳೆ ಎಣಿಸಿ ಮೇಲಿನ ಚೀಟಿಯಲ್ಲಿ ಬರೆಯುವುದು, ಆಮೇಲೆ ಪುಟ ಸಂಖ್ಯೆ ತಾಳೆ ನೋಡುವುದು.

ಕಂಪ್ಯೂಟರ್‌ಗೆ ಕಾಣದ ಸ್ಕ್ಯಾನರ್

ಇದು ಹತ್ತು ನಿಮಿಷದ ಕೆಲಸ. ಆದರೆ ಇದಕ್ಕೇ ಮೂರು ಸಲ ಡ್ರೈವರ್ ಹಾಕಿದ್ದರು.

"ಪ್ರಿಂಟ್ ಬರ್ತಿದೆಯಲ್ಲಪ್ಪಾ, ಅಂದ್ಮೇಲೆ ನೆಟ್‌ವರ್ಕ್ ಸರಿ ಇದೆ ತಾನೇ?" ಗುಮಾಸ್ತರ ಪ್ರಶ್ನೆ ನ್ಯಾಯವಾದದ್ದೇ. ಯಂತ್ರದ ಪರದೆಯಲ್ಲಿ ನೆಟ್‌ವರ್ಕ್ ವಿವರ ತೆರೆದು ನೋಡಿದೆ. ಐಪಿ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಯಂತ್ರದ ಮನೆ ನಂಬರ್, 192.168.1.12. ಕಂಪ್ಯೂಟರ್‌ನ ಸ್ಕ್ಯಾನ್ ಸಾಫ್ಟ್‌ವೇರ್ ಮಾತ್ರ ಇನ್ನೂ 192.168.1.7ರ ಬಾಗಿಲು ತಟ್ಟುತ್ತಿತ್ತು. ಕರೆಂಟ್ ಹೋಗಿ ಬಂದಾಗ ವೈ-ಫೈ ಹಂಚುವ ರೌಟರ್ ಎಲ್ಲರಿಗೂ ಹೊಸದಾಗಿ ನಂಬರ್ ಹಂಚಿದೆ. 7 ಯಾರ ಪಾಲಿಗೆ ಹೋಗಿದೆ ಅಂತ ರೌಟರ್ ಪಟ್ಟಿಯಲ್ಲಿ ನೋಡಿದರೆ ಮೇಡಂ ಮೊಬೈಲ್! ಎರಡು ದಿನದಿಂದ ಕಂಪ್ಯೂಟರ್ ಅವರ ಫೋನನ್ನು ಸ್ಕ್ಯಾನ್ ಮಾಡು ಅಂತ ಕೇಳುತ್ತಾ ಕೂತಿತ್ತು.

ಪ್ರಿಂಟ್ ಯಾಕೆ ಬರುತ್ತಿತ್ತು? ಇಲ್ಲಿ ಪ್ರಿಂಟರನ್ನು ವಿಂಡೋಸ್ ತಾನೇ ಹುಡುಕಿ ಸೇರಿಸಿಕೊಂಡಿತ್ತು. ಹಾಗೆ ಸೇರಿಸಿಕೊಂಡದ್ದನ್ನು ಅದು ನಂಬರ್ ಬದಲಾದರೂ ಮತ್ತೆ ಹುಡುಕಿಕೊಳ್ಳುತ್ತದೆ. ಕಂಪನಿಯ ಸ್ಕ್ಯಾನ್ ಸಾಫ್ಟ್‌ವೇರ್ ಹಳೆಯ ನಂಬರ್ ಬರೆದಿಟ್ಟುಕೊಂಡಿತ್ತು. ಎರಡೂ ಬೇರೆ ಬೇರೆ ದಾರಿ. ಒಂದು ತೆರೆದಿದ್ದರೆ ಇನ್ನೊಂದೂ ತೆರೆದಿರಬೇಕು ಅಂತೇನಿಲ್ಲ.

ಮೂರೂ ಹಳೆಯ ಹೆಸರುಗಳನ್ನು ತೆಗೆದು ಒಂದನ್ನೇ ಸೇರಿಸಿದೆ. ರೌಟರ್‌ನಲ್ಲಿ ಈ ಯಂತ್ರಕ್ಕೆ ಒಂದು ನಂಬರ್ ಕಾಯಂ ಮಾಡಿದೆ, ಮುಂದೆ ಎಷ್ಟು ಸಲ ಕರೆಂಟ್ ಹೋದರೂ ಅದು ಬದಲಾಗದಂತೆ. ಒಂದುವೇಳೆ ಯಂತ್ರದ ಪರದೆಯಲ್ಲಿ 169.254 ಅಂತ ಶುರುವಾಗುವ ನಂಬರ್ ಕಂಡಿದ್ದರೆ ಕಥೆಯೇ ಬೇರೆ. ಅದರರ್ಥ ರೌಟರ್ ಅದಕ್ಕೆ ನಂಬರನ್ನೇ ಕೊಟ್ಟಿಲ್ಲ, ಅದು ತನಗೆ ತಾನೇ ಒಂದು ಇಟ್ಟುಕೊಂಡಿದೆ ಅಂತ. ಆಗ ನೋಡಬೇಕಾದದ್ದು ವೈ-ಫೈ ಪಾಸ್‌ವರ್ಡ್, ರೌಟರ್. ಡ್ರೈವರ್ ಅಲ್ಲ.

ಕೆಲಸ ಮುಗಿಸಿ ಏಳುವಾಗ ಮೇಡಂ ಇನ್ನೊಂದು ನೆನಪಿಸಿಕೊಂಡರು. ಸ್ಕ್ಯಾನ್ ಮಾಡಿ ನೇರ ಈ-ಮೇಲ್‌ಗೆ ಕಳಿಸುವ ಸೌಲಭ್ಯ ಮೊದಮೊದಲು ಇತ್ತು, ಯಾವಾಗಲೋ ನಿಂತುಹೋಯಿತು ಅಂದರು. ಅದೂ ಯಂತ್ರದ ತಪ್ಪಲ್ಲ. ಬರೀ ಹೆಸರು ಪಾಸ್‌ವರ್ಡ್ ಕೊಟ್ಟು ಒಳಗೆ ಬರುವ ಸಾಧನಗಳಿಗೆ ಜಿಮೇಲ್ 2022ರ ಮೇ 30ರಿಂದ ಬಾಗಿಲು ಮುಚ್ಚಿತು. ಎರಡು ಹಂತದ ಪರಿಶೀಲನೆ ಹಾಕಿಕೊಂಡು, ಯಂತ್ರಕ್ಕೆ ಅಂತಲೇ ಒಂದು ಆ್ಯಪ್ ಪಾಸ್‌ವರ್ಡ್ ಮಾಡಿಕೊಟ್ಟರೆ ಮತ್ತೆ ಹೋಗುತ್ತದೆ. ಮಾಡಿಕೊಟ್ಟೆ.

ಫೈಲ್ ಯಾಕೆ ಅಷ್ಟು ದೊಡ್ಡದು

ಕಪ್ಪು-ಬಿಳುಪಿನಲ್ಲಿ ಸೀಲು, ಸಹಿ ಸರಿಯಾಗಿ ಬರುವುದಿಲ್ಲ ಅಂತ ಗುಮಾಸ್ತರು ಕೆಲವು ಕಟ್ಟುಗಳಿಗೆ 600 ಡಿಪಿಐ, ಬಣ್ಣ ಅಂತ ಇಟ್ಟುಕೊಂಡಿದ್ದರು. ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ಯಾರೋ ಹೇಳಿದ್ದರಂತೆ. ಅವರ ಮುಂದೆಯೇ ಲೆಕ್ಕ ಹಾಕಿದೆ. ಎ4 ಹಾಳೆ 300 ಡಿಪಿಐಗೆ 2,480 ಅಡ್ಡ, 3,508 ಉದ್ದ, ಅಂದರೆ ಸುಮಾರು 87 ಲಕ್ಷ ಚುಕ್ಕಿ. ಬಣ್ಣದಲ್ಲಿ ಚುಕ್ಕಿಗೆ ಮೂರು ಬೈಟ್, ಕುಗ್ಗಿಸುವ ಮುಂಚೆ ಸುಮಾರು 26 ಎಂಬಿ. 600ಕ್ಕೆ ಏರಿಸಿದರೆ ಅದು ಎರಡರಷ್ಟಲ್ಲ, ಅಡ್ಡಕ್ಕೂ ಉದ್ದಕ್ಕೂ ಎರಡರಷ್ಟಾಗಿ ನಾಲ್ಕರಷ್ಟು: 104 ಎಂಬಿ. ಅದೇ 300ರಲ್ಲಿ ಬೂದು ಬಣ್ಣಕ್ಕೆ ಇಳಿಸಿದರೆ 9 ಎಂಬಿಗಿಂತ ಕಡಿಮೆ. ಬರೀ ಕಪ್ಪು-ಬಿಳುಪಾದರೆ ಸುಮಾರು 1 ಎಂಬಿ.

ನನ್ನ ಸಲಹೆ: ಟೈಪ್ ಮಾಡಿದ ಹಾಳೆಗೆ 300, ಬೂದು. ನೇರಳೆ ಸೀಲು, ನೀಲಿ ಸಹಿ ಇರುವ ಹಾಳೆಗೆ ಮಾತ್ರ 300, ಬಣ್ಣ. ಕಪ್ಪು-ಬಿಳುಪು ಬೇಡ. 48/12 ಹುಟ್ಟಿದ್ದೇ ಅದರಲ್ಲಿ. ಬೂದು ಮೋಡ್‌ನಲ್ಲಿ ಆ ಗೆರೆ ಮಸುಕಾಗಿಯಾದರೂ ಉದ್ದಕ್ಕೂ ಕಾಣುತ್ತಿತ್ತು, '1' ಅಂತ ಯಾರೂ ಓದುತ್ತಿರಲಿಲ್ಲ.

ಫೈಲ್ ಕುಗ್ಗಿಸುವ ವಿಷಯದಲ್ಲೂ ಮೇಡಂಗೆ ಒಂದು ಕಥೆ ಹೇಳಿದೆ. 2013ರಲ್ಲಿ ಡೇವಿಡ್ ಕ್ರೀಸೆಲ್ ಅನ್ನುವ ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ, ಜೆರಾಕ್ಸ್ ಕಂಪನಿಯ ವರ್ಕ್‌ಸೆಂಟರ್ ಯಂತ್ರವೊಂದು ಸ್ಕ್ಯಾನ್‌ನಲ್ಲಿ ಅಂಕಿಗಳನ್ನೇ ಬದಲಿಸುತ್ತಿದೆ ಅಂತ ತೋರಿಸಿದರು. ಕಟ್ಟಡದ ನಕ್ಷೆಯೊಂದರಲ್ಲಿ 21.11 ಚದರ ಮೀಟರ್ ಅಂತಿದ್ದ ಕೋಣೆ ಪ್ರತಿಯಲ್ಲಿ 14.13 ಆಗಿತ್ತು. ಫೈಲ್ ಚಿಕ್ಕದು ಮಾಡಲು ಆ ಯಂತ್ರ ಜೆಬಿಗ್2 ಅನ್ನುವ ವಿಧಾನ ಬಳಸುತ್ತಿತ್ತು. ಒಂದೇ ಥರ ಕಾಣುವ ತುಣುಕುಗಳನ್ನು ಒಂದು ಸಲ ಮಾತ್ರ ಇಟ್ಟುಕೊಂಡು, ಉಳಿದ ಕಡೆಯೆಲ್ಲ ಅದನ್ನೇ ಅಂಟಿಸುವುದು. "ಒಂದೇ ಥರ" ಅನ್ನುವ ಅಂದಾಜು ತಪ್ಪಿದಾಗ ಬೇರೆ ಅಂಕಿ ಬಂದು ಕೂರುತ್ತಿತ್ತು. ಕಂಪನಿ ಆಮೇಲೆ ಅದಕ್ಕೆ ಸಾಫ್ಟ್‌ವೇರ್ ತಿದ್ದುಪಡಿ ಕೊಟ್ಟಿತು. ಅಲ್ಲಿ ಗೆರೆಯೂ ಇಲ್ಲ, ಮಸುಕೂ ಇಲ್ಲ, ಅಚ್ಚುಕಟ್ಟಾದ ಸುಳ್ಳು ಅಂಕಿ. ಮೇಡಂ ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ ಗುಮಾಸ್ತರಿಗೆ, "ಸರ್ವೆ ನಂಬರ್, ಚೆಕ್ಕುಬಂದಿ, ವಿಸ್ತೀರ್ಣ, ಈ ಮೂರನ್ನು ಮೂಲದ ಜೊತೆ ಇಟ್ಟು ಓದಿ, ಆಮೇಲೇ ಫೈಲ್ ಮಾಡೋಣ" ಅಂದರು.

ಆಮೇಲೆ

ಕ್ರಯಪತ್ರದ ಆ ಹಾಳೆಯನ್ನು ಮತ್ತೆ ಸ್ಕ್ಯಾನ್ ಮಾಡಿ, ಹಳೆಯದು ಯಂತ್ರದ ದೋಷದಿಂದ ಹಾಗೆ ಬಂದದ್ದು ಅಂತ ಮೆಮೊ ಹಾಕಿದರು. ಮೂಲ ಪತ್ರ ಕೈಯಲ್ಲಿದ್ದದ್ದರಿಂದ ಅಲ್ಲಿಗೆ ಮುಗಿಯಿತು. ಹೊಸ ಪ್ಯಾಡ್ ಹಾಕಿದ ದಿನ ಅದೇ 37 ಹಾಳೆಯ ಕಟ್ಟನ್ನು ಐದು ಸಲ ಬಿಟ್ಟು ನೋಡಿದೆ. ಐದು ಸಲವೂ 37.

ಒಂದು ದೋಷ ಹಾಗೇ ಉಳಿದಿದೆ. ದೊಡ್ಡ ಗಾಜಿನ ಬಲ ಮೂಲೆಯಲ್ಲಿ, ಒಳಮೈಯಲ್ಲಿ, ರೂಪಾಯಿ ನಾಣ್ಯದಷ್ಟು ಅಗಲದ ಮಂಜು. ಗುಮಾಸ್ತರು ದಿನಾ ಬೆಳಗ್ಗೆ ಗ್ಲಾಸ್ ಕ್ಲೀನರನ್ನು ನೇರ ಗಾಜಿನ ಮೇಲೇ ಸಿಂಪಡಿಸುತ್ತಿದ್ದರು. ಅದು ಅಂಚಿನಿಂದ ಒಳಗಿಳಿದು ಒಣಗಿದೆ. ದ್ರವವನ್ನು ಬಟ್ಟೆಗೆ ಹಾಕಬೇಕು, ಗಾಜಿಗಲ್ಲ. ಗಾಜು ಬಿಚ್ಚಿ ಒರೆಸಬಹುದು. ಆದರೆ ಇದರಲ್ಲಿ ಗಾಜು ಅಂಟಿನ ಮೇಲೆ ಕೂತಿದೆ. ಬಿಚ್ಚಿದರೆ ಹೊರಗಿನ ಧೂಳು ಒಳಗೆ ಹೋಗುತ್ತದೆ. ಗಾಜಿನ ಅಂಚಿನ ಕೆಳಗೆ, ಸೆನ್ಸರ್ ತನ್ನ ಬಿಳುಪು ಎಷ್ಟು ಅಂತ ಅಳೆದುಕೊಳ್ಳುವ ಬಿಳಿ ಪಟ್ಟಿ ಇರುತ್ತದೆ. ಅದರ ಮೇಲೆ ಒಂದು ಕಣ ಕೂತರೆ ಮತ್ತೆ ಗೆರೆ, ಈ ಸಲ ದೊಡ್ಡ ಗಾಜಿನಲ್ಲೂ. ಬಿಚ್ತೀಯಾ ಅಂತ ಗುಮಾಸ್ತರು ಕೇಳಿದರು. ಆ ಮೂಲೆಗೆ ಹಾಳೆಯ ಅಕ್ಷರ ಬರುವುದಿಲ್ಲ, ಬಿಡಿ ಅಂದೆ.

ಮೂರು ವಾರದ ಮೇಲೆ ಗುಮಾಸ್ತರು ವಾಟ್ಸಾಪ್‌ನಲ್ಲಿ ಒಂದು ಫೋಟೊ ಕಳಿಸಿದರು. ಅವರ ಹೆಬ್ಬೆರಳಿನ ಉಗುರು, ಅದರ ತುದಿಯಲ್ಲಿ ಹಳದಿ ಚೂರು. ಕೆಳಗೆ ಬರೆದಿದ್ದರು: "ಮತ್ತೆ ಗೆರೆ ಬಂತು. ಸ್ಕೇಲ್ ಇಟ್ಟು ಅಳೆದೆ. 11 ಸೆಂಟಿಮೀಟರ್. ಸ್ಟಾಂಪಿನ ಗೋಂದು."